ವಿನಿಮಯಕ್ಕೆ ಕಳಿಸುವುದಾದರೆ ಪೂರ್ಣ ವರ್ಷಕ್ಕೆ ಕಳಿಸಿ

ಸಂಪಾದಕರಿಗೆ ನಮಸ್ಕಾರ.

ಜರ್ಮನಿಯ ಉನ್ನತ ಶಿಕ್ಷಣದ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರುವ ಬರಹಗಳು ಬಹುಮಟ್ಟಿಗೆ ಅಲ್ಲಿ ಸ್ನಾತಕೋತ್ತರ ಪದವಿಗೆ ಸೇರುವುದು ಹೇಗೆ, ಬೋಧನಾ ಶುಲ್ಕ ಇದೆಯೋ ಇಲ್ಲವೋ, ಓದು ಮುಗಿದ ಮೇಲೆ ಕೆಲಸ ಸಿಗುತ್ತದೆಯೋ ಎಂಬ ಪ್ರಶ್ನೆಗಳ ಸುತ್ತಲೇ ಇರುತ್ತವೆ. ಅದು ಸಹಜವೂ ಹೌದು. ಆ ದೇಶದಲ್ಲಿ ಓದುತ್ತಿರುವ ವಿದೇಶಿ ವಿದ್ಯಾರ್ಥಿಗಳಲ್ಲಿ ಈಗ ಭಾರತೀಯರದೇ ಅತಿ ದೊಡ್ಡ ಗುಂಪು. ಅವರ ಸಂಖ್ಯೆ 50,000 ದಾಟಿದೆ. ಆದರೆ ಇಲ್ಲಿನ ಕಾಲೇಜಿನಲ್ಲಿ ತಮ್ಮ ಹೆಸರನ್ನು ಉಳಿಸಿಕೊಂಡೇ, ಪದವಿಯ ನಡುವೆ ಅಲ್ಲಿಗೆ ಹೋಗಿ ಓದಿ ಮರಳುವ ವಿನಿಮಯ ವಿದ್ಯಾರ್ಥಿಗಳ ಪಾಡು ಬೇರೆಯೇ ಆಗಿದ್ದು, ಅದರ ಬಗ್ಗೆ ಚರ್ಚೆ ನಡೆದದ್ದು ಕಡಿಮೆ. 2024ರ ಸೆಪ್ಟೆಂಬರ್ ಕೊನೆಯಿಂದ 2025ರ ಆಗಸ್ಟ್‌ವರೆಗೆ ಸ್ಯಾಕ್ಸನಿ ರಾಜ್ಯದ ಡ್ರೆಸ್ಡೆನ್ ನಗರದಲ್ಲಿ ಹೀಗೆ ಸಿವಿಲ್ ಎಂಜಿನಿಯರಿಂಗ್ ಓದಿ ಬಂದವಳಾಗಿ, ನಮ್ಮ ಕಾಲೇಜುಗಳ ಮತ್ತು ವಿಶ್ವವಿದ್ಯಾಲಯಗಳ ಗಮನಕ್ಕೆ ಎರಡು ಮಾತು ತರಬಯಸುತ್ತೇನೆ. ಮೊದಲನೆಯದು, ವಿದ್ಯಾರ್ಥಿಯನ್ನು ಕಳಿಸುವುದಾದರೆ ಒಂದು ಸೆಮಿಸ್ಟರ್‌ಗೆ ಅಲ್ಲ, ಪೂರ್ಣ ವರ್ಷಕ್ಕೆ ಕಳಿಸಬೇಕು. ಎರಡನೆಯದು, ಅಲ್ಲಿ ಗಳಿಸುವ ಕ್ರೆಡಿಟ್‌ಗಳು, ಅಂದರೆ ಓದಿನ ಶ್ರಮವನ್ನು ಎಣಿಸುವ ಘಟಕಗಳು, ಇಲ್ಲಿ ಹೇಗೆ ಜಮೆಯಾಗುತ್ತವೆ ಎಂಬುದನ್ನು ವಿದ್ಯಾರ್ಥಿ ವಿಮಾನ ಹತ್ತುವ ಮೊದಲೇ ಬರವಣಿಗೆಯಲ್ಲಿ ಕೊಡಬೇಕು.

ಪೂರ್ಣ ವರ್ಷ ಏಕೆ ಎಂಬುದಕ್ಕೆ ಮೊದಲ ಕಾರಣ ಬರಿಯ ಕ್ಯಾಲೆಂಡರಿನದು. ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಚಳಿಗಾಲದ ಸೆಮಿಸ್ಟರ್ ಕಾಗದದ ಮೇಲೆ ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ. ಪಾಠ ಶುರುವಾಗುವುದು ಅಕ್ಟೋಬರ್ ಮಧ್ಯಭಾಗಕ್ಕೆ. ಅದು ಫೆಬ್ರವರಿಯಲ್ಲಿ ನಿಂತ ಮೇಲೆ ಪರೀಕ್ಷೆಗಳು ನಡೆಯುತ್ತವೆ. ಬೇಸಿಗೆಯ ಸೆಮಿಸ್ಟರ್ ಏಪ್ರಿಲ್ 1ಕ್ಕೆ ಆರಂಭವಾಗಿ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆಯಾದರೂ ಪಾಠ ಜುಲೈಗೇ ಕೊನೆಗೊಳ್ಳುತ್ತದೆ. ನಮ್ಮಲ್ಲಿ ಬೆಸ ಸೆಮಿಸ್ಟರ್ ಸಾಮಾನ್ಯವಾಗಿ ಆಗಸ್ಟ್–ಸೆಪ್ಟೆಂಬರ್‌ಗೆ ಶುರುವಾಗಿ ವರ್ಷದ ತುದಿಗೆ ಪರೀಕ್ಷೆ ಬರುತ್ತದೆ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಒಂದೇ ಸೆಮಿಸ್ಟರ್‌ಗೆಂದು ಹೋದವನಿಗೆ ಇಲ್ಲಿನ ಐದನೆಯ ಸೆಮಿಸ್ಟರ್ ಪೂರ್ತಿ ತಪ್ಪುತ್ತದೆ, ಮಾರ್ಚ್‌ನಲ್ಲಿ ಮರಳುವ ಹೊತ್ತಿಗೆ ಆರನೆಯದರಲ್ಲೂ ಪಾಠ ಸಾಕಷ್ಟು ಮುಂದೆ ಹೋಗಿ ಒಂದು ಆಂತರಿಕ ಪರೀಕ್ಷೆಯೂ ಆಗಿಹೋಗಿರುತ್ತದೆ. ಹೆಸರಿಗೆ ಅರ್ಧ ವರ್ಷವಾದರೂ ಕೆಡುವುದು ಇಡೀ ವರ್ಷ. ಪೂರ್ಣ ವರ್ಷಕ್ಕೆ ಹೋದವನಾದರೋ ನಾಲ್ಕನೆಯ ಸೆಮಿಸ್ಟರ್ ಪರೀಕ್ಷೆ ಮುಗಿಸಿ ಹೊರಟು, ಏಳನೆಯ ಸೆಮಿಸ್ಟರ್ ಪಾಠಗಳು ಆರಂಭವಾಗುವ ಹೊತ್ತಿಗೆ ಬಂದು ಸೇರಿಕೊಳ್ಳಬಹುದು. ಹೀಗಿದ್ದೂ ನನಗೆ ತಿಳಿದ ಹಲವು ಕಾಲೇಜುಗಳು 'ಒಂದು ಸೆಮಿಸ್ಟರ್ ಆದರೆ ಸುಲಭ' ಎಂದು ಅದನ್ನೇ ಮುಂದೆ ಮಾಡುತ್ತವೆ. ಸುಲಭ ಯಾರಿಗೆ ಎಂದು ಕೇಳಬೇಕಾಗುತ್ತದೆ.

ಎರಡನೆಯ ಕಾರಣ ಖರ್ಚು ಮತ್ತು ಕಾಗದಪತ್ರ. ವೀಸಾಕ್ಕೆ ಅರ್ಜಿ ಹಾಕುವ ವಿದ್ಯಾರ್ಥಿ ತನ್ನ ವರ್ಷದ ಜೀವನ ವೆಚ್ಚಕ್ಕೆ ಹಣವಿದೆ ಎಂದು ತೋರಿಸಬೇಕು. ಶಿಷ್ಯವೇತನ ಇಲ್ಲದ ನಮ್ಮಂಥವರು ಇದಕ್ಕಾಗಿ 'ಬ್ಲಾಕ್ಡ್ ಅಕೌಂಟ್' ಎಂಬ ಖಾತೆಯಲ್ಲಿ ಹಣ ಇಡುತ್ತೇವೆ. ನಾನು ಅರ್ಜಿ ಹಾಕಿದಾಗ ಅದು ವರ್ಷಕ್ಕೆ 11,208 ಯೂರೊ ಇತ್ತು. 2024ರ ಸೆಪ್ಟೆಂಬರ್‌ನಿಂದ 11,904 ಯೂರೊ ಆಗಿದೆ. ನಮ್ಮ ಲೆಕ್ಕದಲ್ಲಿ 10 ಲಕ್ಷ ರೂಪಾಯಿಗೂ ಮೇಲೆ. ಇದು ಶುಲ್ಕವಲ್ಲ, ನಮ್ಮದೇ ಹಣ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ ಇಷ್ಟೆಂದು ನಮ್ಮ ಕೈಗೇ ಬರುತ್ತದೆ. ಆದರೂ ಪ್ರೌಢಶಾಲಾ ಶಿಕ್ಷಕರಾದ ನನ್ನ ತಂದೆ ಅಷ್ಟು ಮೊತ್ತವನ್ನು ಒಂದೇ ಗಂಟಾಗಿ ಹೊಂದಿಸಲು ಠೇವಣಿ ಮುರಿಸಿ, ಶಿಕ್ಷಕರ ಸೊಸೈಟಿಯಲ್ಲಿ ಸಾಲವನ್ನೂ ಮಾಡಬೇಕಾಯಿತು. ವಿಮಾನದ ಟಿಕೆಟ್, ವೀಸಾ ಶುಲ್ಕ, ಚಳಿಗೆ ಕೋಟು, ಬೂಟುಗಳು ಹೋದದ್ದು ಆರು ತಿಂಗಳಿಗೆ ಎಂದರೂ ಅಷ್ಟೇ, ಹನ್ನೆರಡು ತಿಂಗಳಿಗೆ ಎಂದರೂ ಅಷ್ಟೇ.

ಇಳಿದ ಮೇಲಿನ ಓಡಾಟವೂ ಹಾಗೆಯೇ. ಮನೆ ಹೊಕ್ಕ ಎರಡು ವಾರದೊಳಗೆ ನಗರಾಡಳಿತದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಕೊಟ್ಟವರ ಸಹಿಯುಳ್ಳ ಪತ್ರ ಬೇಕು. ಆರೋಗ್ಯ ವಿಮೆಯ ಪುರಾವೆ ಇಲ್ಲದೆ ವಿಶ್ವವಿದ್ಯಾಲಯದಲ್ಲಿ ದಾಖಲಾತಿ ಇಲ್ಲ. ಬ್ಯಾಂಕ್ ಖಾತೆ ತೆರೆಯದೆ ತಡೆಹಿಡಿದ ಹಣ ಬಿಡುಗಡೆಯಾಗದು. ವಾಸದ ಪರವಾನಗಿಗೆ ವಿದೇಶಿಯರ ಕಚೇರಿಯಲ್ಲಿ ದಿನ ಗೊತ್ತುಮಾಡಿಸಿಕೊಳ್ಳಬೇಕು, ಆ ದಿನಾಂಕ ತಿಂಗಳುಗಟ್ಟಲೆ ಮುಂದೆ ಸಿಗುತ್ತದೆ. ಮನೆಯಲ್ಲಿ ಟಿ.ವಿ. ಇರಲಿ ಬಿಡಲಿ, ವಿಳಾಸ ನೋಂದಾಯಿಸಿದ ಕೆಲವು ವಾರಗಳಿಗೆ ಪ್ರಸಾರ ಶುಲ್ಕದ ಪತ್ರವೊಂದು ಅಂಚೆಯಲ್ಲಿ ಬರುತ್ತದೆ: ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೊ. ನಾವು ಮೂವರು ಒಂದು ಮನೆಯಲ್ಲಿದ್ದುದರಿಂದ ಅದನ್ನು ಹಂಚಿಕೊಂಡೆವು. ಯಾರು ಯಾವ ವಾರ ಬಚ್ಚಲು ತೊಳೆಯಬೇಕು, ಯಾರು ಕಸದ ಡಬ್ಬಿಗಳನ್ನು ಕೆಳಗಿಳಿಸಬೇಕು ಎಂಬ ಪಟ್ಟಿ ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದಿತು. ನನ್ನ ವಾರ ಮುಗಿದ ದಿನ ಸಹವಾಸಿ ಹುಡುಗಿ ಒಲೆಯ ಹಿಂಬದಿಗೆ ಬೆರಳಾಡಿಸಿ, ಅಂಟಿದ್ದ ಒಗ್ಗರಣೆಯ ಎಣ್ಣೆಯನ್ನು ನನಗೆ ತೋರಿಸಿ, ಸಿಟ್ಟೂ ಇಲ್ಲದೆ ನಗೆಯೂ ಇಲ್ಲದೆ 'ಇದೂ ಸೇರುತ್ತದೆ' ಎಂದಿದ್ದಳು. ನಮ್ಮ ಕಡೆ ಇಂಥ ಮಾತನ್ನು ಆಡದೆ ಮನಸ್ಸಿನಲ್ಲಿಟ್ಟುಕೊಳ್ಳುತ್ತೇವೆ. ಅವಳು ಆಡಿ ಅಲ್ಲಿಗೇ ಮರೆತಳು. ಈ ಬಗೆಗೆ ಹೊಂದಿಕೊಳ್ಳಲು ನನಗೆ ಡಿಸೆಂಬರ್ ಬೇಕಾಯಿತು. ಅಂದರೆ ಒಂದು ಸೆಮಿಸ್ಟರ್‌ನ ವಿದ್ಯಾರ್ಥಿ ಕಚೇರಿ ಅಲೆದಾಟ ಮುಗಿಸಿ, ಮನೆಗೆ ಒಗ್ಗಿಕೊಂಡು, ಇನ್ನು ಓದೋಣ ಎಂದು ಕುಳಿತ ಹೊತ್ತಿಗೆ ಗಂಟುಮೂಟೆ ಕಟ್ಟಬೇಕಾಗುತ್ತದೆ.

ಮೂರನೆಯದು ಭಾಷೆ. 'ಅಲ್ಲಿ ಎಲ್ಲವೂ ಇಂಗ್ಲಿಷಿನಲ್ಲೇ ನಡೆಯುತ್ತದೆ' ಎಂಬ ಭರವಸೆಯನ್ನು ನಮ್ಮಲ್ಲಿ ಧಾರಾಳವಾಗಿ ಕೊಡುತ್ತಾರೆ. ಸ್ನಾತಕೋತ್ತರ ಮಟ್ಟದಲ್ಲಿ ಇಂಗ್ಲಿಷ್ ಮಾಧ್ಯಮದ ಕೋರ್ಸ್‌ಗಳು ಸಾಕಷ್ಟಿವೆ, ನಿಜ. ಪದವಿ ಮಟ್ಟದ ಸಿವಿಲ್ ಎಂಜಿನಿಯರಿಂಗ್ ಪಾಠಗಳು ಮಾತ್ರ ಹೆಚ್ಚಾಗಿ ಜರ್ಮನ್ ಭಾಷೆಯಲ್ಲೇ ಇರುತ್ತವೆ. ಹೋಗುವ ಮೊದಲು ದಾವಣಗೆರೆಯಲ್ಲೇ ಕುಳಿತು ಆನ್‌ಲೈನ್ ತರಗತಿಗಳಲ್ಲಿ ಕಲಿತು, ಬೆಂಗಳೂರಿಗೆ ಹೋಗಿ ಜರ್ಮನ್‌ನ ಬಿ1 ಎಂಬ ಮಧ್ಯಮ ಹಂತದ ಪರೀಕ್ಷೆ ಬರೆದು ಪಾಸಾಗಿದ್ದೆನಾದರೂ, ಅಕ್ಟೋಬರ್‌ನಲ್ಲಿ ನನಗೆ ತರಗತಿಯಲ್ಲಿ ಅರ್ಥವಾಗುತ್ತಿದ್ದುದು ಹಲಗೆಯ ಮೇಲಿನ ಸಮೀಕರಣಗಳು ಮಾತ್ರ. ಪ್ರಾಧ್ಯಾಪಕರು ಹಲಗೆಗೆ ಬೆನ್ನು ತಿರುಗಿಸಿ ಮಾತಾಡಲು ನಿಂತರೆಂದರೆ ಪೆನ್ನು ಕೆಳಗಿಡುತ್ತಿದ್ದೆ. ಸ್ಯಾಕ್ಸನಿಯ ಜನರ ಆಡುಮಾತು ಪಾಠದ ಧ್ವನಿಮುದ್ರಣಗಳಲ್ಲಿ ಕೇಳಿದ ಜರ್ಮನ್ ಅಲ್ಲವೇ ಅಲ್ಲ. ಕ್ರಿಸ್‌ಮಸ್ ರಜೆ ಮುಗಿದ ಮೇಲೆ ಒಂದು ಬದಲಾವಣೆ ಕಂಡಿತು. ಲೆಕ್ಕ ಬಿಡಿಸುವ ಅಭ್ಯಾಸ ತರಗತಿಯಲ್ಲಿ ಪಕ್ಕದವರು ತಮ್ಮತಮ್ಮಲ್ಲೇ ಗೊಣಗಿಕೊಳ್ಳುತ್ತಿದ್ದುದು ತಿಳಿಯತೊಡಗಿತು. ಏಪ್ರಿಲ್‌ನಲ್ಲಿ ಬೇಸಿಗೆಯ ಸೆಮಿಸ್ಟರ್ ಶುರುವಾದಾಗ ನಾನು ಪ್ರಶ್ನೆ ಕೇಳುವ ಸ್ಥಿತಿಯಲ್ಲಿದ್ದೆ. ಫೆಬ್ರವರಿಗೇ ಮರಳಿದ್ದರೆ ಕಲಿತ ಭಾಷೆಯ ಫಲ ಉಣ್ಣದೆ ಮರಳಿದಂತಾಗುತ್ತಿತ್ತು. ನನ್ನ ಮೊದಲ ಸೆಮಿಸ್ಟರ್‌ನ ಅಂಕಗಳಿಗೂ ಎರಡನೆಯದರ ಅಂಕಗಳಿಗೂ ಇರುವ ಅಂತರವೇ ಇದಕ್ಕೆ ಸಾಕ್ಷಿ.

ಇನ್ನು ಓದಿನ ಮಾತು. 2024ರ ಸೆಪ್ಟೆಂಬರ್ 11ರ ನಸುಕಿನಲ್ಲಿ, ಸುಮಾರು ಮೂರು ಗಂಟೆಯ ಹೊತ್ತಿಗೆ, ಡ್ರೆಸ್ಡೆನ್‌ನ ನಡುವೆ ಎಲ್ಬೆ ನದಿಯ ಮೇಲಿನ ಕಾರೊಲಾ ಸೇತುವೆಯ ಒಂದು ಭಾಗ ಕುಸಿದು ನೀರಿಗೆ ಬಿತ್ತು. 1967ರಿಂದ 1971ರ ನಡುವೆ, ಪೂರ್ವ ಜರ್ಮನಿಯ ಕಾಲದಲ್ಲಿ, ಪ್ರಿಸ್ಟ್ರೆಸ್ಡ್ ಕಾಂಕ್ರೀಟ್‌ನಲ್ಲಿ (ಒಳಗೆ ಉಕ್ಕಿನ ತಂತಿಗಳನ್ನು ಬಿಗಿದೆಳೆದು ಕೂರಿಸಿದ ಕಾಂಕ್ರೀಟ್) ಕಟ್ಟಿದ ಸೇತುವೆ ಅದು. ಅಕ್ಕಪಕ್ಕ ನಿಂತ ಮೂರು ಪಟ್ಟಿಗಳಲ್ಲಿ ಟ್ರಾಮ್ ಹಳಿ, ಕಾಲುದಾರಿ ಮತ್ತು ಸೈಕಲ್ ದಾರಿ ಇದ್ದ ಪಟ್ಟಿಯ ಸುಮಾರು 100 ಮೀಟರ್ ಉದ್ದದ ತುಂಡು ಬಿದ್ದುಹೋಯಿತು. ಕೆಲವೇ ನಿಮಿಷಗಳ ಹಿಂದೆ ಟ್ರಾಮ್ ಒಂದು ಅದರ ಮೇಲೆ ದಾಟಿಹೋಗಿತ್ತು. ಯಾರಿಗೂ ಗಾಯವಾಗಲಿಲ್ಲ. ಉಳಿದೆರಡು ಪಟ್ಟಿಗಳ ದುರಸ್ತಿ ಅದಕ್ಕೂ ಹಿಂದಿನ ವರ್ಷಗಳಲ್ಲಿ ಆಗಿದ್ದು, ಬಿದ್ದ ಪಟ್ಟಿಯ ಸರದಿ 2025ಕ್ಕೆ ಇತ್ತು. ನಾನು ಆ ಊರಿನಲ್ಲಿ ಇಳಿದಾಗ ಕುಸಿದ ಭಾಗ ನದಿಯಲ್ಲಿ ಬಾಗಿದ ಬೆನ್ನಿನಂತೆ ಇನ್ನೂ ಬಿದ್ದುಕೊಂಡೇ ಇತ್ತು, ದಂಡೆಯ ಬೇಲಿಯ ಆಚೆ ಜನ ಸಾಲಾಗಿ ನಿಂತು ನೋಡುತ್ತಿದ್ದರು.

ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಪಾಠ ಎಲ್ಲಿ ಸಿಕ್ಕೀತು? ಆ ಸೆಮಿಸ್ಟರ್‌ನಲ್ಲಿ ಯಾವ ಪಾಠ ಎಲ್ಲಿಂದ ಶುರುವಾದರೂ ಕೊನೆಗೆ ಕಾರೊಲಾ ಸೇತುವೆಗೇ ಬಂದು ಮುಟ್ಟುತ್ತಿತ್ತು. ಕುಸಿತದ ಕಾರಣ ಶೋಧಿಸುವ ಕೆಲಸವನ್ನು ನಗರಾಡಳಿತ ಡ್ರೆಸ್ಡೆನ್ ತಾಂತ್ರಿಕ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸ್ಟೆಫೆನ್ ಮಾರ್ಕ್ಸ್ ಅವರಿಗೆ ವಹಿಸಿತ್ತು. ಡಿಸೆಂಬರ್‌ನಲ್ಲಿ ಅವರು ಮುಂದಿಟ್ಟ ಮಧ್ಯಂತರ ವರದಿಯ ಸಾರ ಇಷ್ಟು: ಕಾಂಕ್ರೀಟ್‌ನೊಳಗೆ ಬಿಗಿದೆಳೆದು ಕೂರಿಸಿದ ಉಕ್ಕಿನ ತಂತಿಗಳಲ್ಲಿ ಹೈಡ್ರೋಜನ್‌ನಿಂದಾಗಿ ಸೂಕ್ಷ್ಮ ಬಿರುಕುಗಳು ಹುಟ್ಟಿದ್ದವು, ಅವು ಮೊಳೆತದ್ದು ಸೇತುವೆ ಕಟ್ಟುತ್ತಿದ್ದ ಕಾಲದಲ್ಲೇ, ಮುಂದೆ ದಶಕಗಳುದ್ದಕ್ಕೂ ಹೊರಗೆ ಸುಳಿವು ಕೊಡದೆ ತಂತಿಗಳು ಒಂದೊಂದಾಗಿ ತುಂಡಾಗುತ್ತಾ ಹೋದವು. ತುಕ್ಕು ಎಂದರೆ ಕೆಂಪಗೆ ಕಾಣುವ, ಕಾಂಕ್ರೀಟನ್ನು ಸಿಡಿಸಿ ಹೊರಬರುವ ಸಂಗತಿ ಎಂದಷ್ಟೇ ಕಲಿತಿದ್ದ ನಮಗೆ, ಕಣ್ಣಿಗೆ ಬೀಳದ ತುಕ್ಕಿನ ವಿಷಯ ಹೊಸದು. ಅದೇ ವಿಶ್ವವಿದ್ಯಾಲಯದ ಪ್ರಯೋಗಶಾಲೆಗಳಲ್ಲಿ ಉಕ್ಕಿನ ಸರಳಿನ ಬದಲು ಕಾರ್ಬನ್ ನಾರಿನ ಬಲೆ ಹಾಕಿ ಕಾಂಕ್ರೀಟ್ ಎರೆಯುವ ಸಂಶೋಧನೆ ವರ್ಷಗಳಿಂದ ನಡೆದಿದೆ; 2022ರಲ್ಲಿ 'ಕ್ಯೂಬ್' ಎಂಬ ಹೆಸರಿನ, ಜಗತ್ತಿನ ಮೊದಲ ಕಾರ್ಬನ್ ಕಾಂಕ್ರೀಟ್ ಕಟ್ಟಡವೂ ಅಲ್ಲೇ ಎದ್ದಿದೆ. ಆ ಬಲೆಯ ತುಂಡನ್ನು ಕೈಯಲ್ಲಿ ಹಿಡಿದು ನೋಡಿದೆ. ಕಪ್ಪಗೆ, ಸೊಳ್ಳೆಪರದೆಗಿಂತ ದೊಡ್ಡ ಕಣ್ಣಿನ, ಹಗುರವಾದ ಜಾಲ. ಬಾಗಿಸಿದರೆ ಚಿಮ್ಮಿ ನೆಟ್ಟಗಾಗುತ್ತದೆ. ಅದು ತುಕ್ಕು ಹಿಡಿಯದ ಕಾರಣ ಸರಳನ್ನು ಮುಚ್ಚಿ ಕಾಪಾಡಲೆಂದು ನಾವು ಕೊಡುವ ದಪ್ಪ ಕಾಂಕ್ರೀಟ್ ಹೊದಿಕೆ ಬೇಕಿಲ್ಲ, ಗೋಡೆ ತೆಳ್ಳಗಾಗುತ್ತದೆ.

ಜನವರಿ 8ರಂದು, ಸೇತುವೆಯ ಅವಶೇಷ ತೆರವು ಮಾಡುತ್ತಿದ್ದಾಗ ನದಿಯ ಬಳಿ ಎರಡನೆಯ ಮಹಾಯುದ್ಧದ ಬ್ರಿಟಿಷ್ ಬಾಂಬೊಂದು ಸಿಕ್ಕಿತು. ಸುಮಾರು 10,000 ಜನರನ್ನು ನಗರದ ಮಧ್ಯಭಾಗದಿಂದ ತೆರವುಗೊಳಿಸಿ ಮರುದಿನ ಅದನ್ನು ನಿಷ್ಕ್ರಿಯಗೊಳಿಸಿದರು. 80 ವರ್ಷ ಹಿಂದಿನ ಬಾಂಬು ಇಂದಿನ ಕಾಮಗಾರಿಯ ವೇಳಾಪಟ್ಟಿಯಲ್ಲಿ ಒಂದು ಬಾಬತ್ತಾಗಿರುತ್ತದೆ ಎಂಬುದನ್ನು ಯಾವ ಪಠ್ಯಪುಸ್ತಕವೂ ನನಗೆ ಹೇಳಿರಲಿಲ್ಲ. ಬೇಸಿಗೆಯ ಸೆಮಿಸ್ಟರ್‌ನ ಒಂದು ವಿಚಾರಗೋಷ್ಠಿಯಲ್ಲಿ ಅದೇ ಊರಿನ ಇನ್ನೊಂದು ಸೇತುವೆಯ ಕಥೆ ಚರ್ಚೆಗೆ ಬಂತು. ಎಲ್ಬೆ ಕಣಿವೆಯ ನೋಟಕ್ಕೆ ಅಡ್ಡವಾಗುತ್ತದೆ ಎಂಬ ಆಕ್ಷೇಪವಿದ್ದರೂ ನಾಗರಿಕರು 2005ರಲ್ಲಿ ಮತ ಹಾಕಿ ವಾಲ್ಡ್‌ಶ್ಲೋಸ್ಖೆನ್ ಸೇತುವೆಯೇ ಬೇಕೆಂದರು. ಅದನ್ನು ಕಟ್ಟಹೊರಟದ್ದಕ್ಕಾಗಿ ಯುನೆಸ್ಕೊ 2009ರಲ್ಲಿ ಆ ಕಣಿವೆಯನ್ನು ವಿಶ್ವ ಪರಂಪರೆಯ ಪಟ್ಟಿಯಿಂದಲೇ ತೆಗೆದುಹಾಕಿತು. ಒಬ್ಬರು ಪರ, ಒಬ್ಬರು ವಿರೋಧ ವಾದಿಸಬೇಕಾಗಿತ್ತು. ನನ್ನ ಪಾಲಿಗೆ ಸೇತುವೆಯ ಪರ ಬಂದಿತ್ತು. ಜರ್ಮನ್‌ನಲ್ಲಿ ಇಪ್ಪತ್ತು ನಿಮಿಷ ವಾದಿಸಿದೆ ಎಂಬುದಕ್ಕೆ ನನಗೆ ಈಗಲೂ ಸಣ್ಣ ಹೆಮ್ಮೆಯಿದೆ, ಸಂಪಾದಕರು ಕ್ಷಮಿಸಬೇಕು.

ಇದನ್ನೆಲ್ಲ ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಮರಳಿ ಬಂದು ಅಂಕಪಟ್ಟಿಯನ್ನು ಕಾಲೇಜಿನ ಪರೀಕ್ಷಾ ವಿಭಾಗಕ್ಕೆ ಒಪ್ಪಿಸಿದಾಗ ಎದುರಾದ ಪ್ರಶ್ನೆ ಒಂದೇ: 'ಇದು ನಮ್ಮ ಯಾವ ವಿಷಯಕ್ಕೆ ಸಮ?' ನಮ್ಮ ಪಠ್ಯಕ್ರಮದಲ್ಲಿ ಪ್ರತಿ ವಿಷಯಕ್ಕೆ ಐದು ಮಾಡ್ಯೂಲ್‌ಗಳು. ಅಲ್ಲಿ ಓದಿದ ಪ್ರತಿ ವಿಷಯವನ್ನೂ ಮಾಡ್ಯೂಲ್‌ಗೆ ಮಾಡ್ಯೂಲ್ ಹೊಂದಿಸಿ ತೋರಿಸಬೇಕೆಂದರು. ಹಳೆಯ ಸೇತುವೆಗಳ ಪರಿಶೀಲನೆ ಮತ್ತು ದುರಸ್ತಿ ಎಂಬ, ನಾನು ಅತ್ಯಂತ ಹೆಚ್ಚು ಕಲಿತ ವಿಷಯಕ್ಕೆ ಇಲ್ಲಿ ಜೋಡಿಯೇ ಇರಲಿಲ್ಲವಾದ್ದರಿಂದ ಅದು ಲೆಕ್ಕಕ್ಕೇ ಬರಲಿಲ್ಲ. ಇಲ್ಲಿನ ಮೂರನೆಯ ವರ್ಷದಲ್ಲಿರುವ ಸಾರಿಗೆ ಎಂಜಿನಿಯರಿಂಗ್‌ನ ವಿಷಯವೊಂದನ್ನು ಅಲ್ಲಿ ಓದಿರಲಿಲ್ಲ ಎಂಬ ಕಾರಣಕ್ಕೆ ಅದನ್ನು ಈಗ ಬರೆಯಬೇಕು. ಒಟ್ಟಿನಲ್ಲಿ ನಾನು ಗಳಿಸಿದ್ದರಲ್ಲಿ ಅರ್ಧದಷ್ಟು ಮಾತ್ರ ಜಮೆಯಾಗಿ, ಉಳಿದ ವಿಷಯಗಳನ್ನು ಏಳನೆಯ ಸೆಮಿಸ್ಟರ್‌ನ ಜೊತೆಗೇ ಬರೆಯುತ್ತಿದ್ದೇನೆ. ಕಾಲೇಜಿನ ಹೆಸರು ಇಲ್ಲಿ ಬೇಡ. ಇದು ಒಂದು ಕಾಲೇಜಿನ ದೋಷವಲ್ಲ, ನಿಯಮ ಬರೆದಿಡದ ವ್ಯವಸ್ಥೆಯ ದೋಷ.

ಅಂಕಗಳ ವಿಚಾರದಲ್ಲಿ ಆದದ್ದು ಇನ್ನೂ ವಿಚಿತ್ರ. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಪಾಸಿನ ಕೊನೆಯ ಅಂಚು, 5.0 ಎಂದರೆ ಅನುತ್ತೀರ್ಣ. ನನ್ನ 1.7 ಅನ್ನು ನೋಡಿದ ಸಿಬ್ಬಂದಿ, 'ಹತ್ತಕ್ಕೆ ಒಂದೂ ಮುಕ್ಕಾಲಾ? ಅಷ್ಟು ದೂರ ಹೋಗಿ ಫೇಲಾಗಿ ಬಂದಿದ್ದೀಯಲ್ಲಮ್ಮಾ' ಎಂದು ನಿಜವಾದ ಮರುಕದಿಂದಲೇ ಹೇಳಿದರು. ಅವರನ್ನು ದೂರಿ ಪ್ರಯೋಜನವಿಲ್ಲ, ಅವರಿಗೆ ಯಾರೂ ತಿಳಿಸಿಕೊಟ್ಟಿರಲಿಲ್ಲ. ವಿದೇಶಿ ಅಂಕಗಳನ್ನು ತಮ್ಮ ಮಾಪಕಕ್ಕೆ ತರಲು ಜರ್ಮನ್ ವಿಶ್ವವಿದ್ಯಾಲಯಗಳು 'ಪರಿಷ್ಕೃತ ಬವೇರಿಯನ್ ಸೂತ್ರ' ಎಂಬ ಒಂದು ಸಾಲಿನ ಲೆಕ್ಕ ಬಳಸುತ್ತವೆ. ಅದನ್ನೇ ತಿರುಗಿಸಿ, ನಮ್ಮ ಗರಿಷ್ಠ 10, ಪಾಸಿನ ಗ್ರೇಡ್ ಪಾಯಿಂಟ್ 4 ಎಂದಿಟ್ಟು ಲೆಕ್ಕ ಹಾಕಿದರೆ 1.7 ಎಂಬುದು ಸುಮಾರು 8.6ಕ್ಕೆ ಸಮನಾಗುತ್ತದೆ. ಕ್ರೆಡಿಟ್‌ಗಳದೂ ಕಷ್ಟದ ಲೆಕ್ಕವಲ್ಲ. ಐರೋಪ್ಯ ಪದ್ಧತಿಯಲ್ಲಿ ವರ್ಷಕ್ಕೆ 60 ಕ್ರೆಡಿಟ್, ಜರ್ಮನಿಯಲ್ಲಿ ಒಂದೊಂದಕ್ಕೂ ಸುಮಾರು 30 ಗಂಟೆಗಳ ಶ್ರಮ ಎಂದು ಎಣಿಕೆ. ನಮ್ಮಲ್ಲಿ ನಾಲ್ಕು ವರ್ಷದ ಎಂಜಿನಿಯರಿಂಗ್ ಪದವಿಗೆ 160ರ ಆಸುಪಾಸು, ಅಂದರೆ ವರ್ಷಕ್ಕೆ 40. ಅಲ್ಲಿನ ಮೂರಕ್ಕೆ ಇಲ್ಲಿನ ಎರಡು. ಒಂದು ಸುತ್ತೋಲೆಯಲ್ಲಿ ಮುಗಿಯುವ ಕೆಲಸ ಇದು.

ಯುರೋಪಿನೊಳಗೇ ಓಡಾಡುವ ಎರಾಸ್ಮಸ್ ವಿದ್ಯಾರ್ಥಿಗಳು ಇದನ್ನು ಹೇಗೆ ನಿಭಾಯಿಸುತ್ತಾರೆ ಎಂಬುದನ್ನು ಹತ್ತಿರದಿಂದ ನೋಡಿದೆ. 1987ರಿಂದ ನಡೆದುಬಂದಿರುವ ಆ ಯೋಜನೆಯಲ್ಲಿ ವಿದ್ಯಾರ್ಥಿ ಹೊರಡುವ ಮೊದಲೇ ಯಾವ ವಿಷಯ ಓದುತ್ತಾನೆ, ಅದು ತನ್ನೂರಿನಲ್ಲಿ ಯಾವುದರ ಬದಲಿಗೆ ಜಮೆಯಾಗುತ್ತದೆ ಎಂಬ ಒಪ್ಪಂದಕ್ಕೆ ಮೂವರು ಸಹಿ ಹಾಕುತ್ತಾರೆ: ವಿದ್ಯಾರ್ಥಿ, ಕಳಿಸುವ ಸಂಸ್ಥೆ, ಸ್ವೀಕರಿಸುವ ಸಂಸ್ಥೆ. ಹೋದ ಮೇಲೆ ವೇಳಾಪಟ್ಟಿ ಹೊಂದದೆ ವಿಷಯ ಬದಲಾಯಿಸಬೇಕಾದರೆ ಮೊದಲ ಕೆಲವು ವಾರಗಳಲ್ಲಿ ತಿದ್ದುಪಡಿಗೂ ಅವಕಾಶ ಉಂಟು. ನನ್ನ ತರಗತಿಯಲ್ಲಿದ್ದ ಸ್ಪೇನಿನ ಹುಡುಗನಿಗೆ ಫೆಬ್ರವರಿಯಲ್ಲಿ ಪರೀಕ್ಷೆಯ ಭಯವೊಂದೇ ಇತ್ತು. ನನಗೆ ಪರೀಕ್ಷೆಯ ಭಯದ ಜೊತೆಗೆ, ಪಾಸಾದರೂ ಇದು ಎಣಿಕೆಗೆ ಬರುತ್ತದೋ ಇಲ್ಲವೋ ಎಂಬ ಚಿಂತೆ. ಪರೀಕ್ಷೆಯ ರೀತಿಯೇ ಬೇರೆ ಎಂಬುದನ್ನೂ ಮುಂದೆ ಹೋಗುವವರು ತಿಳಿದಿರಬೇಕು. ನಮ್ಮಂತೆ ಐವತ್ತು ಅಂಕ ಆಂತರಿಕ, ಐವತ್ತು ಅಂತಿಮ ಎಂಬ ಹಂಚಿಕೆ ಬಹುಪಾಲು ವಿಷಯಗಳಲ್ಲಿ ಇಲ್ಲ, ಕೊನೆಯ ಒಂದು ಪರೀಕ್ಷೆಯೇ ಎಲ್ಲ. ಅದಕ್ಕೂ ಗಡುವಿನೊಳಗೆ ಪ್ರತ್ಯೇಕವಾಗಿ ಹೆಸರು ನೋಂದಾಯಿಸದಿದ್ದರೆ ಕೊಠಡಿಯೊಳಕ್ಕೆ ಪ್ರವೇಶವಿಲ್ಲ. ಹಾಜರಾತಿ ಕೊರತೆಯೆಂದು ಕರೆದು ಕೇಳುವವರೂ ಇಲ್ಲ.

ಪೋಷಕರ ಭಯಗಳ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ಪತ್ರ ಅಪೂರ್ಣವಾದೀತು. ಊಟದ ಚಿಂತೆ ಅನಾವಶ್ಯಕ. ವಿದ್ಯಾರ್ಥಿ ಭೋಜನಾಲಯಗಳಲ್ಲಿ ದಿನವೂ ಸಸ್ಯಾಹಾರ ಇರುತ್ತದೆ, ರುಚಿಯ ಮಾತು ಬೇರೆ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು. ಜನಾಂಗೀಯ ದ್ವೇಷದ ಭಯ ಮಾತ್ರ ತಳ್ಳಿಹಾಕುವಂಥದ್ದಲ್ಲ. ವಲಸಿಗರನ್ನು ವಿರೋಧಿಸುವ ಪೆಗಿಡಾ ಮೆರವಣಿಗೆಗಳು 2014ರಲ್ಲಿ ಹುಟ್ಟಿದ್ದು ಡ್ರೆಸ್ಡೆನ್‌ನಲ್ಲೇ, ನಿಂತದ್ದು ನಾನು ಅಲ್ಲಿಗೆ ಹೋದ ಮರುತಿಂಗಳು, 2024ರ ಅಕ್ಟೋಬರ್‌ನಲ್ಲಿ. ಅದಕ್ಕೆ ಸ್ವಲ್ಪ ಮುಂಚೆ ನಡೆದ ಸ್ಯಾಕ್ಸನಿ ಚುನಾವಣೆಯಲ್ಲಿ ಬಲಪಂಥೀಯ ಎಎಫ್‌ಡಿ ಪಕ್ಷಕ್ಕೆ ಶೇ 30ರಷ್ಟು ಮತ ಬಂದಿತ್ತು. ಟ್ರಾಮ್‌ನಲ್ಲಿ ಪಕ್ಕದ ಆಸನ ಖಾಲಿಯೇ ಉಳಿದ ಅನುಭವ, ಒಮ್ಮೆ ಕುಡುಕನೊಬ್ಬ ಕೂಗಾಡಿದ ಅನುಭವ ನನಗೂ ಆಗಿದೆ. ಅದೇ ಊರು 1945ರ ಬಾಂಬ್ ದಾಳಿಯಲ್ಲಿ ಸತ್ತ ಸುಮಾರು 25,000 ಜನರ ನೆನಪಿಗಾಗಿ ಪ್ರತಿ ಫೆಬ್ರವರಿ 13ರಂದು, ಆ ದಿನವನ್ನು ದ್ವೇಷಕ್ಕೆ ಬಳಸಿಕೊಳ್ಳುವವರ ವಿರುದ್ಧವೂ, ಹಳೆಯ ನಗರದ ಸುತ್ತ ಕೈ ಕೈ ಹಿಡಿದು ಮಾನವ ಸರಪಳಿ ಕಟ್ಟುತ್ತದೆ. 80ನೆಯ ವರ್ಷದ ಆ ಸರಪಳಿಯಲ್ಲಿ ನಾನೂ ನಿಂತಿದ್ದೆ. ಒಂದು ಬದಿಗೆ ಕೈಗವಸು ಕಳಚಿ ಕೈಕೊಟ್ಟ ಅಜ್ಜಿ, ಇನ್ನೊಂದು ಬದಿಗೆ ಸಿರಿಯಾದ ಹುಡುಗ. ಎರಡೂ ಮುಖಗಳನ್ನು ಮಕ್ಕಳಿಗೆ ತಿಳಿಸಿಯೇ ಕಳಿಸಬೇಕು.

ದುಡಿಮೆಯ ಬಗ್ಗೆಯೂ ಎಚ್ಚರ ಅಗತ್ಯ. 2024ರ ಮಾರ್ಚ್‌ನಿಂದ ನಮ್ಮಂಥ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಕೆಲಸ ಮಾಡಬಹುದು. ವರ್ಷವೊಂದರ ಮಟ್ಟಿಗೆ ಹೋದವರು ಅದನ್ನೆಲ್ಲ ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುತ್ತಾ ಕಳೆದರೆ ಹೋದದ್ದೇಕೆ ಎಂಬ ಪ್ರಶ್ನೆ ಬರುತ್ತದೆ. ಕನ್ನಡಿಗರ ಗುಂಪಿನೊಳಗೇ ಕನ್ನಡವಷ್ಟೇ ಆಡಿಕೊಂಡು ವರ್ಷ ಕಳೆದವರ ವಿಷಯದಲ್ಲೂ ನನ್ನ ಅಭಿಪ್ರಾಯ ಅದೇ, ರಾಜ್ಯೋತ್ಸವದ ಬಿಸಿಬೇಳೆ ಭಾತ್ ಎಷ್ಟೇ ಸೊಗಸಾಗಿದ್ದರೂ.

ಈಗ ನನ್ನ ಕೋರಿಕೆಗಳು. ವಿದೇಶಿ ಸಂಸ್ಥೆಯೊಂದಿಗೆ ಒಡಂಬಡಿಕೆ ಇರುವ ಪ್ರತಿ ಕಾಲೇಜೂ, ಅಥವಾ ಅದರ ಪರವಾಗಿ ವಿಶ್ವವಿದ್ಯಾಲಯವೇ, ಮೂರು ಸಹಿಗಳ ಒಪ್ಪಂದವನ್ನು ಕಡ್ಡಾಯ ಮಾಡಲಿ. ಮಾಡ್ಯೂಲ್‌ಗೆ ಮಾಡ್ಯೂಲ್ ಹೊಂದಿಸುವ ಹಟ ಬಿಟ್ಟು, ವಿನಿಮಯ ವರ್ಷದ ಕ್ರೆಡಿಟ್‌ಗಳಲ್ಲಿ ಒಂದು ಪಾಲನ್ನು ಐಚ್ಛಿಕ ವಿಷಯಗಳ ಲೆಕ್ಕಕ್ಕೆ ಇಡಿಯಾಗಿ ಜಮೆ ಮಾಡಲಿ, ಇಲ್ಲೇ ಓದಲೇಬೇಕಾದ ಒಂದೆರಡು ವಿಷಯಗಳಿದ್ದರೆ ಅವುಗಳ ಹೆಸರನ್ನು ಮೊದಲೇ ಹೇಳಲಿ. ಇದು ನಿಯಮಕ್ಕೆ ವಿರುದ್ಧ ಎನ್ನುವವರು ಯುಜಿಸಿ 2022ರಲ್ಲಿ ಹೊರಡಿಸಿದ ನಿಯಮಾವಳಿ ನೋಡಬಹುದು: ವಿದೇಶಿ ಸಂಸ್ಥೆಗಳೊಡನೆ ನಡೆಸುವ, ಪದವಿಯ ಒಂದು ಭಾಗವನ್ನು ಹೊರದೇಶದಲ್ಲಿ ಓದುವ ಟ್ವಿನ್ನಿಂಗ್ ಕಾರ್ಯಕ್ರಮಗಳಲ್ಲಿ ಒಟ್ಟು ಕ್ರೆಡಿಟ್‌ನ ಶೇ 30ರವರೆಗೆ ಹೊರಗೆ ಗಳಿಸಲು ಅದು ಅವಕಾಶ ಕೊಟ್ಟಿದೆ. ಒಂದು ವರ್ಷ ಎಂದರೆ ಶೇ 25 ಮಾತ್ರ. ವಿನಿಮಯಕ್ಕೂ ಅದೇ ಅಳತೆಗೋಲು ಹಿಡಿಯಲು ಅಡ್ಡಿಯೇನು?

ವಿನಿಮಯ ಎಂದ ಮೇಲೆ ಅವರೂ ಇಲ್ಲಿಗೆ ಬರಬೇಕು ಎಂಬುದನ್ನೂ ನಾವು ಮರೆತಂತಿದೆ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಐರೋಪ್ಯ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ 2017ರಿಂದ ಸೆಮಿಸ್ಟರ್‌ಗೆ 1,500 ಯೂರೊ ಶುಲ್ಕವಿದೆ. ಒಡಂಬಡಿಕೆಯಡಿ ಬರುವ ವಿನಿಮಯ ವಿದ್ಯಾರ್ಥಿಗಳಿಗೆ ವಿನಾಯಿತಿ. ಇಂಥ ವಿನಾಯಿತಿಗಳು ನಿಲ್ಲುವುದು ಕೊಟ್ಟು ತೆಗೆದುಕೊಳ್ಳುವ ಲೆಕ್ಕದ ಮೇಲೆ: ಅಲ್ಲಿಂದ ಯಾರೂ ಬರದಿದ್ದರೆ ಇಲ್ಲಿಂದ ಹೋಗುವ ಸ್ಥಾನಗಳೂ ಕುಗ್ಗುತ್ತವೆ. ಬರಬೇಕೆನ್ನುವ ಜರ್ಮನ್ ವಿದ್ಯಾರ್ಥಿಗಳು ಇಲ್ಲವೆಂದಲ್ಲ. ವ್ಯುರ್ಟ್ಸ್‌ಬರ್ಗ್‌ನ ವಿಶ್ವವಿದ್ಯಾಲಯದಲ್ಲಿ ಕನ್ನಡವನ್ನೇ ಕಲಿಸಿದ್ದಾರೆ, ಬವೇರಿಯಾ ರಾಜ್ಯಕ್ಕೆ ಬೆಂಗಳೂರಿನಲ್ಲಿ ಸ್ವಂತ ಕಚೇರಿಯೇ ಇದೆ. ನನ್ನ ಸಹವಾಸಿ ಹುಡುಗಿಗೂ ಒಂದು ಸೆಮಿಸ್ಟರ್ ಕರ್ನಾಟಕದಲ್ಲಿ ಓದುವ ಆಸೆಯಿತ್ತು. ಅವಳ ಮೂರು ಪ್ರಶ್ನೆಗಳಿಗೆ, ಅಂದರೆ ತರಗತಿ ಯಾವ ದಿನ ಶುರು, ವಿಷಯಗಳ ಪಟ್ಟಿ ಎಲ್ಲಿದೆ, ವಸತಿ ಸಿಗುತ್ತದೆಯೇ ಎಂಬುದಕ್ಕೆ ಉತ್ತರ ಕೋರಿ ನಾನೇ ಇಲ್ಲಿನ ಸಂಸ್ಥೆಯೊಂದಕ್ಕೆ ಮಿಂಚಂಚೆ ಬರೆದಿದ್ದೆ. ಉತ್ತರ ಬರಲಿಲ್ಲ, ಅವಳು ವಿಯೆಟ್ನಾಂಗೆ ಹೋದಳು.

ಚಳಿಗಾಲದ ಸೆಮಿಸ್ಟರ್‌ಗೆ ವಿನಿಮಯ ವಿದ್ಯಾರ್ಥಿಗಳ ಹೆಸರನ್ನು ಜರ್ಮನ್ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಏಪ್ರಿಲ್–ಮೇ ತಿಂಗಳುಗಳಲ್ಲಿ ಕೇಳುತ್ತವೆ. ಭಾಷೆಯನ್ನು ಬಿ1 ಹಂತಕ್ಕೆ ತರಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಹೀಗಾಗಿ ಆಯ್ಕೆ ನಡೆಯಬೇಕಾದ್ದು ಮೂರನೆಯ ಸೆಮಿಸ್ಟರ್‌ಗಿಂತ ತಡವಾಗದೆ. ನಮ್ಮ ವಿಭಾಗದ ಕಿರಿಯರಿಬ್ಬರು ಮುಂದಿನ ಅಕ್ಟೋಬರ್‌ಗೆ ಹೊರಡುವ ಆಲೋಚನೆಯಲ್ಲಿದ್ದು, ಯಾವ ವಿಷಯ ಆರಿಸಿದರೆ ಜಮೆಯಾಗುತ್ತದೆ ಎಂದು ನನ್ನನ್ನು ಕೇಳುತ್ತಿದ್ದಾರೆ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಪಠ್ಯಕ್ರಮ ಮಂಡಳಿಯವರು. ಮಂಡಳಿಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಸೇರಬೇಕೆಂದು ವಿಭಾಗದ ಮೂಲಕ ಲಿಖಿತವಾಗಿ ಮನವಿ ಸಲ್ಲಿಸಿದ್ದೇನೆ. ಬೇರೆ ಕಾಲೇಜುಗಳಲ್ಲಿ ಇದೇ ತೊಡಕು ಅನುಭವಿಸಿದವರೂ ತಮ್ಮ ತಮ್ಮ ಮಂಡಳಿಗಳಿಗೆ ಬರೆಯಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

ಇಂತಿ,
ಸಿವಿಲ್ ಎಂಜಿನಿಯರಿಂಗ್ ಅಂತಿಮ ವರ್ಷದ ವಿದ್ಯಾರ್ಥಿನಿ,
ದಾವಣಗೆರೆ